ಅಡಾಪ್ಟರ್ ಕಿತ್ತ ಮೇಲೆ ಕೇಳಿಸಿದ ಲೂಪ್

"ಒಂದು ಮೀಟರ್ ಬಳೆಯಲ್ಲಿ ಏನು ಸಿಗುತ್ತದೆ ತಮ್ಮಾ? ಇಪ್ಪತ್ತು ಮೀಟರ್ ತಂತಿ ಎಳೆ" ಎಂದು ನಮ್ಮ ಓಣಿಯ ಹಿರಿಯ ರೇಡಿಯೋ ಕಾಕಾ ಎರಡು ವರ್ಷ ಹೇಳುತ್ತಲೇ ಬಂದರು. ಹೋದ ನವೆಂಬರ್‌ನಲ್ಲಿ ಅವರನ್ನೇ ಕೂರಿಸಿ ಆ ಬಳೆಯಿಂದಲೇ, ಅಂದರೆ ನನ್ನ ಲೂಪ್ ಆಂಟೆನಾದಿಂದ, ಶಾರ್ಟ್‌ವೇವ್‌ನ 31 ಮೀಟರ್ ಬ್ಯಾಂಡಿನಲ್ಲಿ ರೊಮೇನಿಯಾ ರೇಡಿಯೋ ಕೇಳಿಸಿದೆ. ಮುಕ್ಕಾಲು ಗಂಟೆ ಹೆಡ್‌ಫೋನ್ ತೆಗೆಯಲಿಲ್ಲ.

ತಂತಿಯನ್ನು ನಾನೂ ಎಳೆದು ನೋಡಿದವನೇ. ಮನೆ ಬೆಳಗಾವಿಯ ಉದ್ಯಮಬಾಗದ ಅಂಚಿನಲ್ಲಿದೆ. ಸುತ್ತಲೂ ಲೇತ್, ವೆಲ್ಡಿಂಗ್, ಮೋಟಾರು ಡ್ರೈವ್. ತಂತಿ ಉದ್ದವಾದಷ್ಟೂ ಗೊರಗೊರ ಹೆಚ್ಚಿತು. ಸದ್ದಿನ ಬಲ ತೋರಿಸುವ ಎಸ್ ಮೀಟರ್ 7ರಿಂದ ಕೆಳಗಿಳಿಯುತ್ತಿರಲಿಲ್ಲ.

ಬಳೆಗೆ ಹೆಚ್ಚು ಖರ್ಚಿಲ್ಲ. ಫ್ರಿಜ್ ರಿಪೇರಿಯವರ ಬಳಿ ಉಳಿದಿದ್ದ ಕಾಲು ಇಂಚಿನ ತಾಮ್ರದ ಕೊಳವೆಗೆ 600 ರೂಪಾಯಿ ಆಗಿರಬೇಕು. ಹಣ ಕಳೆದದ್ದು ಆಂಪ್ಲಿಫೈಯರ್‌ನಲ್ಲಿ. 1,900 ಕೊಟ್ಟು ತರಿಸಿದ ಸಿದ್ಧ ಬೋರ್ಡ್ ಹಾಕಿದರೆ ಯಾವ ಬ್ಯಾಂಡಿಗೆ ಹೋದರೂ ಧಾರವಾಡ ಆಕಾಶವಾಣಿ. 765 ಕಿಲೋಹರ್ಟ್ಜ್, 200 ಕಿಲೋವ್ಯಾಟ್, ಇಲ್ಲಿಂದ 75 ಕಿಲೋಮೀಟರ್. ಅಷ್ಟು ಬಲದ ಸಿಗ್ನಲ್ಲನ್ನು ಆ ಬೋರ್ಡ್ ತಾಳಲಿಲ್ಲ. ಎರಡನೆಯದನ್ನು ನಾನೇ ಬೆಸುಗೆ ಹಾಕಿದೆ. 2 ಮೆಗಾಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ಸೇರಿಸಿಯೂ 350ರೊಳಗೆ ಮುಗಿಯಿತು.

ಆದರೂ ಗೊರಗೊರ ಹೋಗಲಿಲ್ಲ. ಕಳ್ಳ ಮನೆಯೊಳಗೇ ಇದ್ದ. ಆಂಪ್ಲಿಫೈಯರ್‌ಗೆ ವಿದ್ಯುತ್ತು ಕೊಡಲು ಹಚ್ಚಿದ್ದ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ಪ್ರತಿ 60-70 ಕಿಲೋಹರ್ಟ್ಜ್‌ಗೊಂದು ಗೊರಗೊರದ ದಿಬ್ಬ ಎಬ್ಬಿಸುತ್ತಿತ್ತು. ಟ್ರಾನ್ಸ್‌ಫಾರ್ಮರ್ ಮತ್ತು 12 ವೋಲ್ಟಿಗೆ ಹಿಡಿದಿಡುವ 7812 ಚಿಪ್ ಹಾಕಿದೆ. ದಿಬ್ಬ ಹೋಗಿ ಗುಂಯ್ ಎನ್ನುವ ಹಮ್ ಬಂತು. ಡಯೋಡ್‌ಗಳ ಮೇಲೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದ ಮೇಲೆ ಹಮ್ಮೂ ಅಡಗಿತು. ಆದರೆ ಕರೆಂಟ್ ಲೈನಿನ ಕೊಳೆ ಕೇಬಲ್ಲಿನ ಹೊರಮೈ ಹಿಡಿದು ಮೇಲೇರುತ್ತಲೇ ಇತ್ತು.

ಕೊನೆಗೆ ಯುಪಿಎಸ್‌ನಿಂದ ತೆಗೆದ 7 ಆಂಪಿಯರ್-ಅವರ್ ಬ್ಯಾಟರಿ ಹಚ್ಚಿದೆ. ಎಸ್ ಮೀಟರ್ 7ರಿಂದ 2ಕ್ಕೆ ಇಳಿಯಿತು. ಆ ರಾತ್ರಿ ನಿದ್ದೆ ಮಾಡಲಿಲ್ಲ. ಆಂಪ್ಲಿಫೈಯರ್ ಎಳೆಯುವುದು 60 ಮಿಲಿಆಂಪ್. ದಿನಕ್ಕೆ ಮೂರು ಗಂಟೆಯಂತೆ ಹಳೆಯ ಬ್ಯಾಟರಿಯೂ ಹತ್ತು ಹನ್ನೆರಡು ದಿನ ಬರುತ್ತದೆ. ಚಾರ್ಜಿಂಗ್ ಹಗಲಿಗೆ ಮಾತ್ರ. ಸಂಜೆ ಪ್ಲಗ್ ಕಿತ್ತಿಡಲೇಬೇಕು.

ಮಾಳಿಗೆಯ ಆಂಪ್ಲಿಫೈಯರ್‌ಗೆ ವಿದ್ಯುತ್ತು ಏರುವುದೂ ಸಿಗ್ನಲ್ ಇಳಿಯುವುದೂ ಡಿಶ್ ಟಿವಿಯ ಆರ್‌ಜಿ-6 ಕೇಬಲ್ಲಿನಲ್ಲೇ. ಇವೆರಡನ್ನೂ ಬೇರ್ಪಡಿಸುವ ಬಯಾಸ್-ಟೀಯಲ್ಲಿ 4.7 ಮೈಕ್ರೋಹೆನ್ರಿ ಚೋಕ್ (ತಂತಿ ಸುರುಳಿ) ಇದ್ದಾಗ 75 ಮೀಟರ್ ಬ್ಯಾಂಡ್ ಸೊರಗಿತ್ತು, 100 ಹಾಕಿದ ಮೇಲೆ ಚೇತರಿಸಿಕೊಂಡಿತು. ಹೊರಮೈಯ ಕೊಳೆ ತಡೆಯಲು ಕೇಬಲ್ಲನ್ನು ಹಳೆಯ ಟಿವಿ ಯೋಕ್‌ನ (ಪಿಕ್ಚರ್ ಟ್ಯೂಬಿನ ಕುತ್ತಿಗೆಯ ಸುರುಳಿ) ಫೆರೈಟ್ ಉಂಗುರಕ್ಕೆ ಸುತ್ತಿದ್ದೇನೆ. ಎಷ್ಟು ಸುತ್ತು, ಯಾವ ತುದಿಯಲ್ಲಿ ಎಂಬುದು ನಾಲ್ಕು ತಿಂಗಳ ರಾತ್ರಿಗಳ ಗಳಿಕೆ; ಅದನ್ನು ಇಲ್ಲಿ ಬರೆಯುವುದಿಲ್ಲ.

ಜುಲೈ ಮಳೆಯಲ್ಲಿ ಎಲ್ಲವೂ ಸತ್ತಿತು. ಕೇಬಲ್ ತುದಿಯ ಎಫ್ ಕನೆಕ್ಟರ್ ಬಿಚ್ಚಿದರೆ ನಡುವಿನ ಕಡ್ಡಿ ಹಸಿರು ಹಿಟ್ಟಾಗಿ ಬೆರಳಿಗೆ ಅಂಟಿತು. ನೀರಿನ ಜೊತೆ ಬ್ಯಾಟರಿಯ ಡಿಸಿ ವಿದ್ಯುತ್ತು ಸೇರಿದರೆ ತಾಮ್ರ ಒಂದು ತಿಂಗಳೂ ಬಾಳದು. ಚೋಕ್ ಸುಟ್ಟು ಕರಕಲಾಗಿತ್ತು. ಈಗ 250 ಮಿಲಿಆಂಪ್ ಫ್ಯೂಸ್ ಇದೆ, ಆಂಪ್ಲಿಫೈಯರ್ ಪೆಟ್ಟಿಗೆಯ ತಳಕ್ಕೆ ನೀರು ಸೋರಿಹೋಗಲು ತೂತಿದೆ.

ನಡುವೆ ಸೈಕಲ್ಲಿನ ಅಲ್ಯೂಮಿನಿಯಂ ರಿಮ್ಮನ್ನು ಬೆಸುಗೆಯ ಜಾಗದಲ್ಲಿ ಕೊಯ್ದು, ಹಳೆಯ ವಾಲ್ವ್ ರೇಡಿಯೋದ ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಹಿಡಿಯಲು ತಿರುಗಿಸುವ ಭಾಗ) ಕಟ್ಟಿದ್ದೆ. ಅದಕ್ಕೆ ವಿದ್ಯುತ್ತೇ ಬೇಡ. 49 ಮೀಟರ್ ಸೊಗಸಾಗಿ ಬಂತು, ಆದರೆ ಸ್ಟೇಷನ್ ಬದಲಿಸಿದಾಗಲೆಲ್ಲ ಮಾಳಿಗೆ ಹತ್ತಬೇಕು.

ಪಕ್ಕದ ಮನೆಯ ಇನ್ವರ್ಟರ್ ಕಿರುಗುಟ್ಟಿದರೆ ಬಳೆಯ ಅಗಲ ಮುಖವನ್ನು ಅತ್ತ ತಿರುಗಿಸುತ್ತೇನೆ, ಬಹುಪಾಲು ಅಡಗುತ್ತದೆ. ಬೋರ್ಡಿಗೆ ಕಳೆದದ್ದು ಬಿಟ್ಟರೆ ಒಟ್ಟು ಖರ್ಚು 1,400 ದಾಟಿಲ್ಲ. ಕಾಕಾ ತಮಗೂ ಒಂದು ಕಟ್ಟಿಕೊಡು ಎಂದಿದ್ದಾರೆ. ಕೊಳವೆ ತಂದಾಗಿದೆ, ಬ್ಯಾಟರಿ ಅವರು ತರುತ್ತಾರೆ.