ಗೋಡೆಪತ್ರಿಕೆಯಿಂದ ಮಕ್ಕಳ ಸಂತೆವರೆಗೆ: 6ರಿಂದ 8ನೇ ತರಗತಿಗೆ 18 ಪೀರಿಯಡ್‌ಗಳ ಐಚ್ಛಿಕ ಪಾಠ

ಸಿಬಿಎಸ್‌ಇ 6ರಿಂದ 8ನೇ ತರಗತಿಗೆ ಕೊಡುವ ಕೌಶಲ ಮಾಡ್ಯೂಲ್‌ಗಳಲ್ಲಿ ಮಾಧ್ಯಮ, ಮಾರ್ಕೆಟಿಂಗ್, ಬ್ಲಾಕ್ ಪ್ರಿಂಟಿಂಗ್ ಮೂರೂ ಇವೆ, ಆದರೆ ಬೇರೆಬೇರೆಯಾಗಿ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಇದೇ ಕೆಲಸಕ್ಕೆ ಚಿತ್ರಕಲೆ, ಕಾರ್ಯಾನುಭವದ ಪೀರಿಯಡ್‌ಗಳೂ ಬ್ಯಾಗ್ ಇಲ್ಲದ ಶನಿವಾರವೂ ಸಿಗುತ್ತವೆ. ಮೂರನ್ನೂ ಒಂದೇ ಸರಕಿಗೆ ಕಟ್ಟಿದರೆ ಪಾಠ ಗಟ್ಟಿಯಾಗುತ್ತದೆ. ಮಕ್ಕಳು ಶುಭಾಶಯ ಕಾರ್ಡು ಅಚ್ಚು ಹಾಕಲಿ, ಗೋಡೆಪತ್ರಿಕೆಯಲ್ಲಿ ಅದಕ್ಕೆ ಜಾಹೀರಾತು ಕೊಡಲಿ, ಶಾಲೆಯ ಸಂತೆಯಲ್ಲಿ ಮಾರಿ ಲೆಕ್ಕ ಒಪ್ಪಿಸಲಿ.

ಬೇಕಾಗುವುದು 12 ಗಂಟೆ, ಅಂದರೆ 40 ನಿಮಿಷದ 18 ಪೀರಿಯಡ್. ಪತ್ರಿಕೆಗೆ 6, ಅಚ್ಚಿಗೆ 7, ವ್ಯಾಪಾರಕ್ಕೆ 5. ವಾರಕ್ಕೆ ಎರಡರಂತೆ ಜೂನ್ ಕೊನೆಯ ವಾರ ಶುರು ಮಾಡಿದರೆ ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಗೆ ಮುಂಚೆ ಮಾರಾಟ ಮುಗಿಯುತ್ತದೆ. ಆಗಸ್ಟ್‌ನಲ್ಲಿ ಒಂದು ವಾರವನ್ನು ಸ್ವಾತಂತ್ರ್ಯೋತ್ಸವದ ತಾಲೀಮು ಹೇಗೂ ನುಂಗುತ್ತದೆ, ಅದನ್ನು ಲೆಕ್ಕದಿಂದ ಮೊದಲೇ ಬಿಟ್ಟುಬಿಡಿ. 24 ಮಕ್ಕಳಿದ್ದರೆ ಆರಾರು ಜನರ ನಾಲ್ಕು ತಂಡ ಸಾಕು. ಚೆನ್ನಾಗಿ ಬಿಡಿಸುವವರಿಗೆ ಬರೀ ಚಿತ್ರ, ಲೆಕ್ಕದಲ್ಲಿ ಚುರುಕಾದವರಿಗೆ ಬರೀ ಗಲ್ಲಾ ಎಂದು ಹಂಚಬೇಡಿ. ಅವರಿಗೆ ಬರುವುದನ್ನೇ ಮತ್ತೆ ಮಾಡಿಸಿದಂತಾಗುತ್ತದೆ, ಹೊಸದೇನೂ ಕಲಿಯುವುದಿಲ್ಲ. ಎಲ್ಲರೂ ಎಲ್ಲ ಕೆಲಸವನ್ನೂ ಸರದಿ ಮೇಲೆ ಮಾಡಬೇಕು.

ಪತ್ರಿಕೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂತು. ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕ, ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಅಂದರೆ ಚಪ್ಪಟೆ ಕಲ್ಲಿನ ಮೇಲೆ ಬರೆದು ಪ್ರತಿ ತೆಗೆಯುವ ವಿಧಾನದಲ್ಲಿ. ರಾಜ್ಯದಲ್ಲಿ ಅದೇ ದಿನ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಗೋಡೆಪತ್ರಿಕೆಯ ಮೊದಲ ಸಂಚಿಕೆಗೂ ಅದೇ ಗಡುವು ಇಟ್ಟುಕೊಳ್ಳಿ, ಪುಟ್ಟದಾದರೂ ಪರವಾಗಿಲ್ಲ. ಎರಡನೆಯದು ಆಗಸ್ಟ್ ಮೊದಲ ವಾರ, ಮೂರನೆಯದು ತಿಂಗಳ ಕೊನೆಗೆ.

22×30 ಇಂಚಿನ ಒಂದು ಡ್ರಾಯಿಂಗ್ ಶೀಟ್ ಒಂದು ಸಂಚಿಕೆ. ಮೂರ್ನಾಲ್ಕು ಅಡಿ ದೂರ ನಿಂತು ಓದಬೇಕಾದರೆ ಅಕ್ಷರ 1 ಸೆಂ.ಮೀ. ಎತ್ತರ ಇರಬೇಕು. ಸಾಲಿಂದ ಸಾಲಿಗೆ 2 ಸೆಂ.ಮೀ. ಬಿಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಈ ಅಳತೆಯಲ್ಲಿ ಹಾಳೆಯನ್ನು ಮೂರು ಕಾಲಂ ಮಾಡಿದರೆ ಸಾಲಿಗೆ ಮೂರೇ ಪದ, ಕಾಲಂಗೆ ಸುಮಾರು 30 ಸಾಲು, 90 ಪದ. ತಲೆಬರಹ, ಚಿತ್ರ ಕಳೆದರೆ ಇಡೀ ಹಾಳೆಗೆ 180 ಪದ ಉಳಿಯುತ್ತದೆ. ಇದನ್ನು ಬರೆಸುವ ಮೊದಲೇ ಹೇಳಿ. ಹೇಳದಿದ್ದರೆ ಮಕ್ಕಳು ಎರಡು ಪುಟ ಬರೆದು ತಂದು, ಕೊನೆಗೆ ಇರುವೆ ಗಾತ್ರದ ಅಕ್ಷರದಲ್ಲಿ ತುರುಕುತ್ತಾರೆ, ಅದನ್ನು ಯಾರೂ ಓದುವುದಿಲ್ಲ.

ಸುದ್ದಿಗೆ ಹೋಗುವಾಗ ‘ಹೇಗನ್ನಿಸಿತು?’ ಎಂಬ ಪ್ರಶ್ನೆ ಬೇಡ, ‘ತುಂಬಾ ಖುಷಿಯಾಯಿತು’ ಎಂಬ ಉತ್ತರವಷ್ಟೇ ಬರುತ್ತದೆ. ಬಿಸಿಯೂಟದ ಅಡುಗೆಯವರ ಬಳಿ ಇವತ್ತು ಎಷ್ಟು ಅಕ್ಕಿ ಬೇಯಿಸಿದಿರಿ, ಎಷ್ಟು ಹೊತ್ತಿಗೆ ಒಲೆ ಹಚ್ಚಿದಿರಿ ಎಂದು ಕೇಳಿದರೆ ಸುದ್ದಿ ತಾನಾಗಿ ಬರುತ್ತದೆ. ಪ್ರತಿ ಅಂಕಿಯನ್ನೂ ಇನ್ನೊಬ್ಬರ ಹತ್ತಿರ ಖಾತ್ರಿ ಮಾಡಿಕೊಳ್ಳಬೇಕು. ಮಕ್ಕಳ ಫೋಟೊ ಹಾಕುವುದಾದರೆ ಪೋಷಕರ ಒಪ್ಪಿಗೆ ಬರಹದಲ್ಲಿರಲಿ.

ಎರಡನೇ ಸಂಚಿಕೆಗೊಂದು ಸಮೀಕ್ಷೆ ಮಾಡಿಸಿ: ಕಾರ್ಡು ಯಾರಿಗೆ ಬೇಕು, ಎಷ್ಟು ಕೊಡುತ್ತೀರಿ? ‘ಬೇಕು’ ಎಂದವರಲ್ಲಿ ಅರ್ಧದಷ್ಟು ಜನ ಕೊಂಡರೆ ಹೆಚ್ಚು ಎಂದಿಟ್ಟುಕೊಂಡೇ ಅಚ್ಚಿನ ಸಂಖ್ಯೆ ಗೊತ್ತುಮಾಡಿ. ಮೂರನೇ ಸಂಚಿಕೆಯಲ್ಲಿ ಕಾರ್ಡಿನ ಜಾಹೀರಾತು ಬರಲಿ, ಸುತ್ತ ಚೌಕಟ್ಟು ಹಾಕಿ ಮೇಲೆ ‘ಜಾಹೀರಾತು’ ಎಂದು ಬರೆಸಿ, ತಂಡದಿಂದ ಅದರ ದುಡ್ಡನ್ನೂ ವಸೂಲಿ ಮಾಡಿ. ಆ ಚೌಕಟ್ಟು ತೆಗೆದು ಅದನ್ನೇ ಸುದ್ದಿಯಂತೆ ಬರೆದರೆ ಏನು ತಪ್ಪು ಎಂದು ಕೇಳಿ ನೋಡಿ. ಮಾಧ್ಯಮದ ಪಾಠದಲ್ಲಿ ಅತ್ಯುತ್ತಮ ಚರ್ಚೆ ಹುಟ್ಟುವುದು ಅಲ್ಲೇ.

ಅಚ್ಚು

ಲೈನೋ ಕೆತ್ತನೆ (ಲಿನೋಲಿಯಂ ಹಾಳೆಯನ್ನು ಚೂಪು ಉಳಿಯಿಂದ ಕೆತ್ತಿ ಅಚ್ಚು ಮಾಡುವುದು) 8ನೇ ತರಗತಿಗೆ, ಅದೂ ಒಬ್ಬ ಶಿಕ್ಷಕರಿಗೆ ಆರೇ ಮಕ್ಕಳಿದ್ದರೆ ಸರಿ. ಉಳಿದಂತೆ ಅಂಟು ಇರುವ ಫೋಮ್ ಶೀಟನ್ನು ಕತ್ತರಿಯಲ್ಲಿ ಕತ್ತರಿಸಿ ದಪ್ಪ ರಟ್ಟಿಗೆ ಅಂಟಿಸಿದರೆ ಅಚ್ಚು ಸಿದ್ಧ, ಬ್ಲೇಡ್ ಬೇಕಿಲ್ಲ. ರಟ್ಟು ನೀರು ಕುಡಿದು ಉಬ್ಬುತ್ತದೆ, ಮೊದಲೇ ಮೈತುಂಬ ಸೆಲೊ ಟೇಪ್ ಸುತ್ತಿಬಿಡಿ.

ಕೈಕೊಡುವುದು ಅಕ್ಷರ. ಅಚ್ಚಿನಲ್ಲಿ ಬರಹ ಕನ್ನಡಿಯಲ್ಲಿ ಕಂಡಂತೆ ತಿರುವಾಗಿರಬೇಕು. ‘ಶುಭಾಶಯ’ ಎಂದು ಬಟರ್ ಪೇಪರ್ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ಸರಿಯಾಗಿಯೇ ಬರೆಯಿರಿ. ಪೆನ್ಸಿಲ್ ಮುಖ ಕೆಳಗೆ ಮಾಡಿ ಫೋಮ್ ಮೇಲಿಟ್ಟು ಉಜ್ಜಿದರೆ ತಿರುವಾಗಿ ಇಳಿಯುತ್ತದೆ. ಅಕ್ಷರ ಕನಿಷ್ಠ 3 ಸೆಂ.ಮೀ. ಎತ್ತರ, ಗೆರೆ 4 ಮಿ.ಮೀ. ದಪ್ಪ ಇರಲಿ. ಅದಕ್ಕಿಂತ ತೆಳುವಾದರೆ ಕತ್ತರಿಸುವಾಗಲೇ ತಲೆಕಟ್ಟು ತುಂಡಾಗಿ ಬರುತ್ತದೆ. ಕೊಂಬು, ಇಳಿಗಳನ್ನು ಅಕ್ಷರಕ್ಕೆ ಸೇರಿಸಿಯೇ ಒಂದೇ ತುಂಡಾಗಿ ಕತ್ತರಿಸಿ. ಬಿಡಿಯಾಗಿ ಅಂಟಿಸಿದ್ದು ಹತ್ತು ಪ್ರತಿಯೊಳಗೆ ಕಿತ್ತು ಬರುತ್ತದೆ.

ಕಾಗದ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ). ಒಂದು ಎ4 ಹಾಳೆಯನ್ನು ಅಡ್ಡ ಕತ್ತರಿಸಿ ಮಡಿಸಿದರೆ ಎರಡು ಎ6 ಕಾರ್ಡು. ಮಡಿಸುವ ಮುನ್ನ ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಗೀರಬೇಕು. ಹಾಗೇ ಮಡಿಸಿದರೆ ಮಡಿಕೆ ಬಿರಿದು ಬಿಳಿ ನಾರು ಎದ್ದು ಕಾಣುತ್ತದೆ.

ಬಣ್ಣಕ್ಕೆ ಫ್ಯಾಬ್ರಿಕ್ ಅಕ್ರಿಲಿಕ್ ಒಳ್ಳೆಯದು. ಪೋಸ್ಟರ್ ಕಲರ್ ಅಚ್ಚಿನ ಮೇಲೇ ಒಣಗುತ್ತದೆ, ಒದ್ದೆ ಕೈ ತಾಗಿದರೆ ಕಾರ್ಡಿನಿಂದಲೂ ಬಿಡುತ್ತದೆ. ಹಳೆಯ ಹತ್ತಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ ಟ್ರೇಯಲ್ಲಿ ಹಾಸಿ, ಮೇಲೆ ಎರಡು ಚಮಚ ಬಣ್ಣವನ್ನು ಬ್ರಷ್‌ನಿಂದ ಸಮನಾಗಿ ಸವರಿ. ಅಚ್ಚನ್ನು ಅದರ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿ, ಮೇಲ್ಮುಖವಾಗಿ ಮೇಜಿನ ಮೇಲಿಡಿ. ಕಾರ್ಡನ್ನು ಅದರ ಮೇಲಿಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ. ಮಕ್ಕಳಿಗೆ ಸೀಲ್ ಹೊಡೆದಂತೆ ಮೇಲಿಂದ ಗುದ್ದುವ ಆಸೆ. ಹಾಗೆ ಮಾಡಿದರೆ ಒಂದು ಮೂಲೆ ಕಪ್ಪಾಗಿ ಇನ್ನೊಂದು ಮೂಲೆ ಮೂಡುವುದೇ ಇಲ್ಲ. ಕಾರ್ಡು ಪ್ರತಿ ಸಲ ಒಂದೇ ಜಾಗಕ್ಕೆ ಕೂರಲು ಮೇಜಿಗೆ ಎರಡು ರಟ್ಟಿನ ಪಟ್ಟಿಯನ್ನು ಮೂಲೆಯಾಕಾರದಲ್ಲಿ ಅಂಟಿಸಿಕೊಳ್ಳಿ.

ಬಿಳಿ ಚುಕ್ಕೆ ಉಳಿದರೆ ಬಣ್ಣ ಕಡಿಮೆ ಅಥವಾ ಉಜ್ಜಿದ್ದು ಸಾಲದು. ಅಂಚಿನಲ್ಲಿ ಬಣ್ಣ ಒಸರಿ ‘ಭ’ದ ಹೊಟ್ಟೆ ಮುಚ್ಚಿಕೊಂಡರೆ ಬಣ್ಣ ಹೆಚ್ಚಾಗಿದೆ, ಎರಡು ಪ್ರತಿ ರದ್ದಿ ಕಾಗದಕ್ಕೆ ಹಾಕಿ ಮುಂದುವರಿಯಿರಿ. ಗೆರೆ ಜೋಡಿಯಾಗಿ ಕಂಡರೆ ಉಜ್ಜುವಾಗ ಕಾರ್ಡು ಜಾರಿದೆ. 10–12 ಪ್ರತಿಗೊಮ್ಮೆ ಅಚ್ಚು ತೊಳೆದು ಒರೆಸಲೇಬೇಕು. ಅಂದಹಾಗೆ, ಎಲ್ಲ ಕಾರ್ಡಿಗೂ ‘ಶಿಕ್ಷಕರ ದಿನಾಚರಣೆ’ ಎಂದು ಹಾಕಬೇಡಿ, 6ನೇ ತಾರೀಕಿಗೆ ಅದನ್ನು ಕೇಳುವವರಿರುವುದಿಲ್ಲ.

ಸಂತೆ

ಒಂದು ತಂಡದ ಲೆಕ್ಕ ಹೀಗೆ. ಬೆಲೆಗಳು ಬರೀ ಉದಾಹರಣೆ, ನಿಮ್ಮೂರಿನ ಅಂಗಡಿ ದರ ಹಾಕಿಕೊಳ್ಳಿ. ಹಾಳೆ 22ಕ್ಕೆ ತಲಾ 8ರಂತೆ 176 ರೂಪಾಯಿ, ಫೋಮ್ ಎರಡಕ್ಕೆ 60, ಬಣ್ಣ 120, ಕವರ್ 40ಕ್ಕೆ 80, ಜಾಹೀರಾತಿಗೆ 20. ಒಟ್ಟು 456. ಮಕ್ಕಳು ಇದನ್ನು 44ರಿಂದ ಭಾಗಿಸಿ ಒಂದಕ್ಕೆ ಹತ್ತು ರೂಪಾಯಿ ಚಿಲ್ಲರೆ ಎನ್ನುತ್ತಾರೆ. ಆದರೆ ಎಂಟು ಕಾರ್ಡು ಕೆಟ್ಟಿವೆ, ಮಾರಲು ಇರುವುದು 36. ಅಸಲು ಬೀಳುವುದು 12 ರೂಪಾಯಿ 67 ಪೈಸೆ. ಹತ್ತಕ್ಕೆ ಮಾರಿದರೆ ಎಲ್ಲ ಕಾರ್ಡೂ ಮಾರಾಟವಾದರೂ 96 ರೂಪಾಯಿ ನಷ್ಟ. 15ಕ್ಕೆ ಮಾರಿದರೆ 31ನೇ ಕಾರ್ಡಿಗೆ ಹಾಕಿದ ದುಡ್ಡು ಹುಟ್ಟುತ್ತದೆ, 20ಕ್ಕಾದರೆ 23ನೆಯದಕ್ಕೇ. ಈ ಮೂರು ಸಾಲನ್ನು ಬೋರ್ಡಿನ ಮೇಲೆ ಬರೆದು ಬೆಲೆಯನ್ನು ತಂಡಕ್ಕೇ ಬಿಡಿ. ದುಡಿಮೆಯ ಗಂಟೆಗಳನ್ನೂ ಬರೆಸಿ. ಕೂಲಿ ಹಿಡಿದರೆ ಲಾಭವೇ ಉಳಿಯುವುದಿಲ್ಲ ಎಂಬುದನ್ನು ಅವರೇ ಕಾಣಲಿ.

ಸಂತೆಯ ದಿನ ಗಲ್ಲಾದಲ್ಲಿ 200 ರೂಪಾಯಿ ಚಿಲ್ಲರೆ ಇರಲಿ, ಐದು ಮತ್ತು ಹತ್ತರಲ್ಲಿ. ಅದು ಮಾರಾಟದ ದುಡ್ಡಲ್ಲ, ಪುಸ್ತಕದ ಮೊದಲ ಸಾಲಿನಲ್ಲೇ ಬೇರೆ ಬರೆಯಿರಿ. ಒಬ್ಬರು ದುಡ್ಡು ಹಿಡಿದರೆ ಇನ್ನೊಬ್ಬರು ಬರೆಯಬೇಕು. ಇಬ್ಬರೂ ಎರಡನ್ನೂ ಮಾಡಿದರೆ ಲೆಕ್ಕ ತಪ್ಪುವುದು ಖಂಡಿತ. ಗಲ್ಲಾದ ಮೊತ್ತದಿಂದ 200 ಕಳೆದರೆ ಪುಸ್ತಕದ ಮೊತ್ತ ಬರಬೇಕು. ಬಾರದಿದ್ದರೆ ಕೈಯಿಂದ ಹಾಕಿ ಸರಿಮಾಡುವುದು ಬೇಡ, ‘5 ರೂ. ಕಡಿಮೆ’ ಎಂದೇ ಬರೆಯಲಿ. ಉಳಿದ ಕಾರ್ಡಿನ ಬೆಲೆ ಇಳಿಸುವುದಾದರೆ ಎಷ್ಟು ಗಂಟೆಗೆ, ಎಷ್ಟಕ್ಕೆ ಎಂಬುದು ಬೆಳಿಗ್ಗೆಯೇ ತೀರ್ಮಾನವಾಗಿರಲಿ. ಮೊದಲು ಕೊಂಡವರು ಬಂದು ಜಗಳ ತೆಗೆದರೆ ಹೇಳಲು ಉತ್ತರ ಬೇಕಲ್ಲ.

ಬಂಡವಾಳ ಕೊಟ್ಟವರಿಗೆ ಮೊದಲು ಅದು ಮರಳಬೇಕು. ನಾಲ್ಕೂ ತಂಡಗಳ ಜಮಾ-ಖರ್ಚನ್ನು ಮಾರನೆಯ ವಾರ ಅರ್ಧ ಹಾಳೆಯಲ್ಲಿ ಬರೆದು ಗೋಡೆಪತ್ರಿಕೆಯ ಜಾಗದಲ್ಲೇ ಅಂಟಿಸಿ, ನಷ್ಟವಾದ ತಂಡದ್ದನ್ನೂ ಬಿಡದೆ.