ಪೋಕರ್ ಡೀಲರ್‌ಗೆ ಕೊಡುವ ಟಿಪ್ಸ್ ನನ್ನ ಪುಸ್ತಕದಲ್ಲಿ ಹಮಾಲಿ ಖಾತೆಗೆ ಹೋಗುತ್ತದೆ

ಹೋದ ವಾರ ಪಕ್ಕದ ದಲಾಲಿ ಅಂಗಡಿಯ ಮಂಜು ಬಂದು ಕೂತ. ಮೊದಲ ಸಲ ಗೋವಾಕ್ಕೆ ಪೋಕರ್ ಆಡಲು ಹೊರಟಿದ್ದಾನೆ. "ಅಣ್ಣಾ, ಗೆದ್ರೆ ಎಲೆ ಹಾಕೋರಿಗೆ ಟಿಪ್ಸ್ ಕೊಡ್ಬೇಕಂತಲ್ಲ, ನೀವು ಎಷ್ಟು ಕೊಡ್ತೀರಿ?" ಅಂದ. "ಗೆದ್ರೆ ಅಲ್ಲಪ್ಪ, ಕೂತ್ರೆ ಕೊಡ್ಬೇಕು" ಅಂದೆ. ಅವನು ನನ್ನ ಮುಖ ನೋಡಿದ. ಸೋತವನು ಯಾಕೆ ಕೊಡಬೇಕು ಅನ್ನೋದು ಅವನ ಪ್ರಶ್ನೆ. ನನಗೂ ಅದು ತಿಳಿಯೋಕೆ ಎರಡು ವರ್ಷ ಹಿಡಿಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಅಂಗಡಿ. ನಮ್ಮ ರಾಜ್ಯದಲ್ಲಿ ಕ್ಯಾಸಿನೋ ಇಲ್ಲ. ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಿದ್ದುಪಡಿ ತಂದು ದೊಡ್ಡ ಹೋಟೆಲ್‌ಗಳಲ್ಲಿ ಮತ್ತು ಹಡಗುಗಳಲ್ಲಿ ಆಟಕ್ಕೆ ಅವಕಾಶ ಕೊಟ್ಟರು. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಹಡಗುಗಳು ಅವೇ. ವರ್ಷಕ್ಕೆ ಎರಡು ಮೂರು ಸಲ, ಸೀಸನ್ ಮುಗಿದ ಮೇಲೆ, ವಾಸ್ಕೋ ಕಡೆ ಹೋಗುವ ರೈಲು ಹತ್ತುತ್ತೇನೆ. ಲೋಂಡಾ ದಾಟಿ ಘಟ್ಟ ಇಳಿಯುವಾಗ ಎಚ್ಚರವಾಗುತ್ತದೆ. ಜೇಬಿನಲ್ಲಿ ಎಣಿಸಿ ಇಟ್ಟ ಹಣ ಬಿಟ್ಟರೆ ಬೇರೆ ಏನೂ ಇರುವುದಿಲ್ಲ, ಎಟಿಎಂ ಕಾರ್ಡನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸಬರೆಲ್ಲ ಇಲ್ಲೇ ತಪ್ಪುತ್ತಾರೆ. ಬ್ಲ್ಯಾಕ್‌ಜಾಕ್‌ನಲ್ಲಿ, ರೂಲೆಟ್‌ನಲ್ಲಿ ನೀವು ಆಡುವುದು ಕ್ಯಾಸಿನೋ ವಿರುದ್ಧ. ಪೋಕರ್‌ನಲ್ಲಿ ಹಾಗಲ್ಲ. ಒಂಬತ್ತು ಜನ ಒಬ್ಬರ ಮೇಲೊಬ್ಬರು ಆಡುತ್ತಾರೆ. ಡೀಲರ್, ಅಂದರೆ ಎಲೆ ಹಂಚುವವನು, ಆಡುವುದೇ ಇಲ್ಲ. ಯಾರು ಗೆದ್ದರೂ ಸೋತರೂ ಅವನಿಗೆ ಒಂದು ರೂಪಾಯಿ ಬರುವುದಿಲ್ಲ, ಹೋಗುವುದಿಲ್ಲ. ಒಂದು ಆಟದಲ್ಲಿ ಎಲ್ಲರೂ ಮಧ್ಯೆ ಹಾಕಿದ ಹಣಕ್ಕೆ ಪಾಟ್ ಅನ್ನುತ್ತಾರೆ. ಕ್ಯಾಸಿನೋ ತನ್ನ ಪಾಲನ್ನು ಪ್ರತಿ ಪಾಟ್‌ನಿಂದ ತೆಗೆದುಕೊಳ್ಳುತ್ತದೆ, ಅದಕ್ಕೆ ರೇಕ್ ಅನ್ನುತ್ತಾರೆ. ಸಾಮಾನ್ಯವಾಗಿ ನೂರಕ್ಕೆ 5ರ ಆಸುಪಾಸು, ಅದಕ್ಕೊಂದು ಮೇಲ್ಮಿತಿ. ಟೇಬಲ್ ಮೇಲೆ ಮೊದಲ ಮೂರು ಎಲೆ ಬೀಳುವ ಮುಂಚೆಯೇ ಆಟ ಮುಗಿದರೆ ಬಹಳ ಕಡೆ ರೇಕ್ ತೆಗೆಯುವುದಿಲ್ಲ. ಗಂಟೆಗೆ 25ರಿಂದ 30 ಆಟ ನಡೆಯುತ್ತವೆ. ಅದರಲ್ಲಿ 20 ಆಟಕ್ಕೆ ಸರಾಸರಿ 200 ರೂಪಾಯಿ ರೇಕ್ ಅಂತ ಇಟ್ಟುಕೊಳ್ಳಿ, ಒಂದು ಟೇಬಲ್‌ನಿಂದ ಗಂಟೆಗೆ 4,000 ರೂಪಾಯಿ ಆಯಿತು. ಆ ಹಣ ಮನೆಗೆ, ಅಂದರೆ ಕ್ಯಾಸಿನೋಗೆ. ಎಲೆ ಹಾಕಿದವನಿಗಲ್ಲ.

ನಮ್ಮ ಯಾರ್ಡಿನ ಮಾತಿನಲ್ಲಿ ಹೇಳುವುದಾದರೆ ರೇಕ್ ಅಂದರೆ ದಲಾಲಿ. ಡೀಲರ್ ಅಂದರೆ ಹಮಾಲ. ದಲಾಲಿ ಹೋಗುವುದು ಅಂಗಡಿಯ ಗಲ್ಲಾಪೆಟ್ಟಿಗೆಗೆ, ಮೈ ಬೆವರುವುದು ಹಮಾಲನದು.

ಇದು ಗೊತ್ತಿಲ್ಲದೆ ನಾನು ಎರಡು ವರ್ಷ ಹೇಗೆ ಕೊಟ್ಟೆ ಅಂದರೆ, ಖುಷಿ ಬಂದಾಗ ಕೊಟ್ಟೆ. ದೊಡ್ಡ ಪಾಟ್ ಗೆದ್ದರೆ 500ರ ಚಿಪ್ (ಹಣದ ಬದಲು ಆಡುವ ಬಿಲ್ಲೆ) ಎತ್ತಿ ಡೀಲರ್ ಕಡೆ ತಳ್ಳುತ್ತಿದ್ದೆ. ಸೋತ ರಾತ್ರಿ ಏನೂ ಇಲ್ಲ. ಒಂದು ಸಲವಂತೂ ಕೋಪದಿಂದಲೇ ಕೊಡಲಿಲ್ಲ. ನನ್ನ ಕೈಯಲ್ಲಿ ಎರಡು ರಾಜ ಇದ್ದವು. ಎಲೆಗಳನ್ನು ಮುಂದಕ್ಕೆ ಬಿಟ್ಟು ಪಕ್ಕದವರ ಜೊತೆ ಮಾತಾಡುತ್ತಾ ಕೂತಿದ್ದೆ. ಹೊಸ ಹುಡುಗಿಯೊಬ್ಬಳು ಡೀಲರ್. ನಾನು ಆ ಆಟ ಬಿಟ್ಟಿದ್ದೇನೆ ಅಂದುಕೊಂಡು ನನ್ನ ಎಲೆಗಳನ್ನು ಬಿಟ್ಟ ಎಲೆಗಳ ಗುಡ್ಡೆಗೆ ಸೇರಿಸಿಬಿಟ್ಟಳು. ಫ್ಲೋರ್ ಮ್ಯಾನೇಜರ್ ಬಂದರು, ನಿಯಮ ಹೇಳಿದರು. ಕೈಯ ಎಲೆ ಕಾಪಾಡಿಕೊಳ್ಳುವುದು ಆಟಗಾರನ ಜವಾಬ್ದಾರಿ, ಒಮ್ಮೆ ಗುಡ್ಡೆ ಸೇರಿದರೆ ಸೇರಿತು. ಹುಡುಗಿಯ ಕಣ್ಣಲ್ಲಿ ನೀರು. ನಾನು ಆ ರಾತ್ರಿ ಪೂರ್ತಿ ಯಾವ ಡೀಲರ್‌ಗೂ ಒಂದು ಚಿಪ್ ಕೊಡಲಿಲ್ಲ. ಅವಳದು ಒಂದು ತಪ್ಪು, ನಾನು ಶಿಕ್ಷೆ ಕೊಟ್ಟಿದ್ದು ಆಮೇಲೆ ಬಂದ ಹತ್ತು ಜನಕ್ಕೆ. ಈಗ ಯೋಚಿಸಿದರೆ ಬೇಜಾರಾಗುತ್ತದೆ. ಈಗ ಎಲೆ ಬಂದ ಕೂಡಲೇ ಅದರ ಮೇಲೊಂದು ಚಿಪ್ ಇಡುತ್ತೇನೆ.

ನನ್ನ ಕಣ್ಣು ತೆರೆಸಿದ್ದು ನನ್ನದೇ ಲೆಕ್ಕದ ಪುಸ್ತಕ. ಅಂಗಡಿಯವನಲ್ವಾ, ಎಲ್ಲಿ ಹೋದರೂ ಬರೆಯುವ ಅಭ್ಯಾಸ. ಮೊದಲ ನಾಲ್ಕು ಟ್ರಿಪ್‌ಗಳ ಪುಟ ತೆಗೆದು ನೋಡಿದೆ. ಗೆದ್ದ ಎರಡು ಟ್ರಿಪ್‌ಗಳಲ್ಲಿ ಕೊಟ್ಟ ಟಿಪ್ಸ್ 5,300. ಸೋತ ಎರಡರಲ್ಲಿ 150. ಕೂತ ಗಂಟೆಗಳು ಮಾತ್ರ ಹೆಚ್ಚುಕಡಿಮೆ ಅಷ್ಟಷ್ಟೇ. ಅದೇ ಕುರ್ಚಿ, ಅದೇ ಎಲೆ, ಅದೇ ಕೆಲಸ. ಪುಸ್ತಕ ಮುಚ್ಚಿ ಹೊರಗೆ ನೋಡಿದರೆ ನಮ್ಮ ಹಮಾಲರು ಲಾರಿಗೆ ಚೀಲ ಏರಿಸುತ್ತಿದ್ದರು. ಆ ವಾರ ಜೋಳದ ರೇಟು ಬಿದ್ದಿತ್ತು. ರೈತ ತಲೆ ಮೇಲೆ ಕೈ ಹೊತ್ತು ಕೂತಿದ್ದ, ಖರೀದಿದಾರನೂ ಗೊಣಗುತ್ತಿದ್ದ. ಆದರೂ ಚೀಲಕ್ಕೆ ಇಷ್ಟು ಅಂತ ಹಮಾಲಿ ಎಣಿಸಿ ಕೊಟ್ಟೆವು. ರೇಟು ಬಿತ್ತು, ಹಾಗಾಗಿ ಈ ಸಲ ಹಮಾಲಿ ಇಲ್ಲ ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಇಲ್ಲಿ ಹೇಳೋಕೆ ನಾಲಿಗೆ ಏಳದ ಮಾತನ್ನು ನಾನು ಅಲ್ಲಿ ಪ್ರತಿ ಸಲ ಮಾಡಿ ಬರುತ್ತಿದ್ದೆ.

ಆಮೇಲೆ ಡೀಲರ್ ಏನು ಮಾಡುತ್ತಾರೆ ಅಂತ ಗಮನ ಇಟ್ಟು ನೋಡಲು ಶುರು ಮಾಡಿದೆ. ಹೊಸ ಕಟ್ಟು ಬಂದರೆ ಮೇಜಿನ ತುಂಬಾ ಹರಡಿ ಎರಡೂ ಅಂಗೈಯಿಂದ ಕಲಸುತ್ತಾರೆ. ಆಮೇಲೆ ಕಲೆಸುವುದಕ್ಕೂ ಒಂದು ಕ್ರಮ ಇದೆ, ಕೊನೆಗೆ ಕಟ್ ಮಾಡಿ ಹಂಚುತ್ತಾರೆ. ಪ್ರತಿ ಸುತ್ತಿಗೆ ಮುಂಚೆ ಮೇಲಿನ ಒಂದು ಎಲೆಯನ್ನು ಮುಚ್ಚಿಯೇ ಪಕ್ಕಕ್ಕೆ ಹಾಕುತ್ತಾರೆ, ಯಾರಾದರೂ ಗುರುತು ಮಾಡಿದ್ದರೆ ಅದು ಉಪಯೋಗಕ್ಕೆ ಬರಬಾರದು ಅಂತ. ಯಾರ ಸರದಿ, ಯಾರು ಎಷ್ಟು ಹಾಕಿದರು, ಯಾರು ಮಿನಿಮಮ್‌ಗಿಂತ ಕಡಿಮೆ ಏರಿಸಿದರು, ಎಲ್ಲ ನೆನಪಿಟ್ಟುಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಟೇಬಲ್ ಬದಲು. ಏಳುವಾಗ ಚಪ್ಪಾಳೆ ತಟ್ಟಿ ಎರಡೂ ಅಂಗೈ ತಿರುಗಿಸಿ ತೋರಿಸುತ್ತಾರೆ. ಅದು ನಮಸ್ಕಾರ ಅಲ್ಲ, ಕೈಯಲ್ಲಿ ಚಿಪ್ ಇಲ್ಲ ಅಂತ ಮೇಲಿನ ಕ್ಯಾಮೆರಾಗೆ ತೋರಿಸುವುದು.

ಒಂದು ರಾತ್ರಿಯ ಆಟ ಹೇಳುತ್ತೇನೆ. ಮೂವರು ಇದ್ದಬದ್ದದ್ದೆಲ್ಲ ಮುಂದಿಟ್ಟೆವು. ಒಬ್ಬರ ಹತ್ತಿರ 3,000, ನನ್ನ ಹತ್ತಿರ 8,000, ಮೂರನೆಯವರ ಹತ್ತಿರ 15,000. ಮೂವರಿಂದ ಮೂರು ಮೂರು ಸಾವಿರ ಸೇರಿಸಿ 9,000ದ ಮೊದಲ ಪಾಟ್. ನನ್ನ ಮತ್ತು ಮೂರನೆಯವರ ಐದೈದು ಸಾವಿರ ಸೇರಿ 10,000ದ ಎರಡನೆಯ ಪಾಟ್. ಉಳಿದ 7,000 ಹಾಕಿದವರಿಗೇ ವಾಪಸ್. ಮೊದಲನೆಯವರ ಎಲೆ ಎಲ್ಲರಿಗಿಂತ ದೊಡ್ಡದು, ಅವರಿಗೆ 9,000. ಉಳಿದಿಬ್ಬರಲ್ಲಿ ನನ್ನದು ದೊಡ್ಡದು, ನನಗೆ 10,000. ಮೂರನೆಯವರು ಕುಡಿದಿದ್ದರು. ಗೆದ್ದವನು ಒಬ್ಬನೇ ಇರಬೇಕು, ನನಗೆ ಹೇಗೆ ಬಂತು ಅಂತ ಜಗಳ ತೆಗೆದರು. ಡೀಲರ್ ಹುಡುಗ ದನಿ ಏರಿಸಲಿಲ್ಲ. ಚಿಪ್‌ಗಳನ್ನು ಮತ್ತೆ ಮೂರು ಗುಡ್ಡೆ ಮಾಡಿ, ಒಂದೊಂದನ್ನೂ ಬೆರಳಿನಿಂದ ತೋರಿಸಿ ಎರಡು ಸಲ ವಿವರಿಸಿದ. ಇಷ್ಟು ಹಣ ಮಧ್ಯೆ ಬಿದ್ದಿರುವಾಗ, ಕುಡಿದವರು ಪಕ್ಕದಲ್ಲಿ ಕೂಗುತ್ತಿರುವಾಗ, ಆ ಲೆಕ್ಕ ತಪ್ಪದೆ ಮಾಡುವುದು ಸಣ್ಣ ಕೆಲಸ ಅಲ್ಲ.

ಆ ಹುಡುಗ ರಾಣೆಬೆನ್ನೂರು ಕಡೆಯವನು ಅಂತ ಆಮೇಲೆ ಗೊತ್ತಾಯಿತು. ಆಟದ ಮಧ್ಯೆ ಕನ್ನಡದಲ್ಲಿ ಮಾತಾಡುವಂತಿಲ್ಲ, ಎಲ್ಲರಿಗೂ ತಿಳಿಯುವ ಭಾಷೆಯೇ ಆಗಬೇಕು, ಇಲ್ಲದಿದ್ದರೆ ಉಳಿದವರಿಗೆ ಅನುಮಾನ ಬರುತ್ತದೆ. ಅವನ ಬ್ರೇಕ್‌ನಲ್ಲಿ ಹೊರಗೆ ಸಿಕ್ಕಾಗ "ದಾವಣಗೆರೆಯೋರಾ ಅಣ್ಣಾರ? ಬೆಣ್ಣೆ ದೋಸೆ ತಿಂದು ವರ್ಷ ಆತು ನೋಡ್ರಿ" ಅಂದ. ಟಿಪ್ಸ್ ಬಗ್ಗೆ ನೇರವಾಗಿ ಕೇಳಿದೆ. "ಗೆದ್ದಾಗ ಎಲ್ರೂ ಕೊಡ್ತಾರ್ರಿ. ಸೋತು ಎದ್ದು ಹೋಗೋರು ಐವತ್ತು ಕೊಟ್ರ ಅದು ನೆನಪಿರ್ತದ" ಅಂದ. ಸ್ವಲ್ಪ ತಡೆದು, "ಕೊಡ್ಲಿಲ್ಲ ಅಂದ್ರೂ ಎಲಿ ಅದಽ ಬೀಳೋದು, ಅದು ನಮ್ಮ ಕೈಯಾಗಿಲ್ಲ" ಅಂತಲೂ ಸೇರಿಸಿದ. ಅವನ ಕೆಲಸದ ಜಾಗದಲ್ಲಿ ಟಿಪ್ಸ್ ಎಲ್ಲ ಒಂದೇ ಡಬ್ಬಕ್ಕೆ ಬೀಳುತ್ತದೆ, ಆಮೇಲೆ ಎಲ್ಲರೂ ಹಂಚಿಕೊಳ್ಳುತ್ತಾರೆ. ಬೇರೆ ಕಡೆ ಬೇರೆ ಪದ್ಧತಿ. ಕೇಳಿ ತಿಳಿದುಕೊಳ್ಳಬೇಕು, ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ನಾನು ಮಾಡುವುದು ಇಷ್ಟು. ನಾನು ಆಡುವುದು 50-100ರ ಟೇಬಲ್, ಅಂದರೆ ಪ್ರತಿ ಆಟಕ್ಕೂ ಎಲೆ ನೋಡುವ ಮುಂಚೆಯೇ ಒಬ್ಬರು 50, ಇನ್ನೊಬ್ಬರು 100 ಹಾಕಲೇಬೇಕು, ಅದಕ್ಕೆ ಬ್ಲೈಂಡ್ ಅನ್ನುತ್ತಾರೆ. 10,000 ಇಟ್ಟು ಕೂರುತ್ತೇನೆ. ಅದನ್ನು ಬಿಟ್ಟು 1,000 ರೂಪಾಯಿಯ ಸಣ್ಣ ಚಿಪ್ ಬೇರೆ ತೆಗೆದಿಡುತ್ತೇನೆ, ಅದನ್ನು ಆಟಕ್ಕೆ ಮುಟ್ಟುವುದಿಲ್ಲ. ಪ್ರತಿ ಡೀಲರ್‌ಗೆ, ಅವರ ಅರ್ಧ ಗಂಟೆ ಮುಗಿಯುವ ಮುಂಚೆ, 50 ರೂಪಾಯಿ. ನಾನು ಆ ಅರ್ಧ ಗಂಟೆಯಲ್ಲಿ ಒಂದು ಪಾಟ್ ಕೂಡ ಗೆಲ್ಲದಿದ್ದರೂ ಸರಿ. ಎಂಟು ಗಂಟೆ ಕೂತರೆ 800 ಆಗುತ್ತದೆ. ಉಳಿದ 200, ಆ ಎರಡು ಪಾಟ್‌ನಂತಹ ಕಷ್ಟದ ಕೆಲಸ ಮಾಡಿದವರಿಗೆ. ಪಾಟ್ ಗೆದ್ದಾಗೆಲ್ಲ 50 ಕೊಡುವ ಪದ್ಧತಿ ಜಾಸ್ತಿ ಜನ ಪಾಲಿಸುತ್ತಾರೆ. ಒಂಬತ್ತು ಜನರ ಟೇಬಲ್‌ನಲ್ಲಿ ಗಂಟೆಗೆ ಮೂರು ಪಾಟ್ ನಿಮಗೆ ಬರುತ್ತದೆ ಅಂದರೆ 150, ಎಂಟು ಗಂಟೆಗೆ 1,200. ಆಟವನ್ನೇ ನಂಬಿ ಬದುಕುವವರು ಇದನ್ನು ವಿರೋಧಿಸುತ್ತಾರೆ, ಅವರ ಮಾತಿನಲ್ಲಿ ಸತ್ಯ ಇದೆ. 100ರ ಬ್ಲೈಂಡ್ ಇರುವ ಟೇಬಲ್‌ನಲ್ಲಿ ಚೆನ್ನಾಗಿ ಆಡುವವನು ಗಂಟೆಗೆ 500 ಗೆದ್ದರೆ ದೊಡ್ಡದು, ಅದರಲ್ಲಿ 150 ಟಿಪ್ಸ್‌ಗೆ ಹೋದರೆ ನೋವಾಗದೆ ಇರುತ್ತದಾ? ಅಂಥವರು ಕಡಿಮೆ ಕೊಡಲಿ. ಆದರೆ ಒಂದು ಲೆಕ್ಕ ಇಟ್ಟುಕೊಂಡು, ತಪ್ಪದೆ ಕೊಡಲಿ.

ಮಂಜು ಇನ್ನೊಂದು ಮಾತು ಕೇಳಿದ. ಸಂಬಳ ಕೊಡುವುದು ಕ್ಯಾಸಿನೋ ಕೆಲಸ, ರೇಕ್ ಕಟ್ಟಿದ ಮೇಲೂ ನಾವ್ಯಾಕೆ ಕೊಡಬೇಕು ಅಂತ. ಸರಿಯಾದ ಪ್ರಶ್ನೆ. ಆಸ್ಟ್ರೇಲಿಯಾದ ಕ್ಯಾಸಿನೋಗಳಲ್ಲಿ ಡೀಲರ್‌ಗಳು ಟಿಪ್ಸ್ ತೆಗೆದುಕೊಳ್ಳುವಂತೆಯೇ ಇಲ್ಲ, ಸಂಬಳದಲ್ಲೇ ಬದುಕು. ಲಾಸ್ ವೇಗಸ್‌ನಲ್ಲಿ ಇದರ ಉಲ್ಟಾ. ಅಲ್ಲಿ ಟಿಪ್ಸ್‌ಗೆ 'ಟೋಕ್' ಅಂತಲೇ ಹೆಸರಿದೆ. ಸಂಬಳ ಸರ್ಕಾರ ಹೇಳಿದ ಕನಿಷ್ಠದ ಹತ್ತಿರ ಇದ್ದು, ಮನೆ ನಡೆಯುವುದೇ ಟೋಕ್‌ನಿಂದ. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಂತಹ ಟೂರ್ನಮೆಂಟ್‌ಗಳಲ್ಲಿ ಬಹುಮಾನದ ಹಣದಲ್ಲೇ ಒಂದು ಪಾಲು ಸಿಬ್ಬಂದಿಗೆ ಎತ್ತಿಡುತ್ತಾರೆ, ಹಾಗೆ ಮಾಡುವ ಕಡೆ ಮತ್ತೆ ಕೊಡುವ ಅಗತ್ಯ ಅಷ್ಟಿಲ್ಲ. ಒಳ್ಳೆ ಸಂಬಳ ಕೊಟ್ಟು ಟಿಪ್ಸ್ ಬಂದ್ ಮಾಡಿದರೆ ನಾನು ಮೊದಲು ಸಂತೋಷಪಡುತ್ತೇನೆ. ಆದರೆ ಆ ದಿನ ಬರುವವರೆಗೆ, ಪದ್ಧತಿ ಸರಿ ಇಲ್ಲ ಅನ್ನೋ ಸಿಟ್ಟನ್ನು ಎದುರಿಗೆ ಕೂತ ಇಪ್ಪತ್ತೆರಡು ವರ್ಷದ ಹುಡುಗನ ಮೇಲೆ ತೀರಿಸಿಕೊಳ್ಳೋದು ನನಗೆ ಒಪ್ಪಿಗೆ ಇಲ್ಲ.

ಇತ್ತೀಚೆಗೆ ಟಿಪ್ಸ್ ಕೊಡುವವರು ಕಡಿಮೆ ಆಗಿದ್ದಾರೆ ಅಂತ ನನಗೆ ಅನ್ನಿಸುತ್ತದೆ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೋದಲ್ಲಿ ಚಿಪ್‌ಗೆ ಕೊಡುವ ಪೂರ್ತಿ ಹಣದ ಮೇಲೆ 28% ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು 40% ಆಯಿತು. ಖರ್ಚು ಏರಿದಾಗ ಜನ ಮೊದಲು ಕತ್ತರಿ ಹಾಕುವುದು ಕೇಳಲು ಬಾಯಿಲ್ಲದವರ ಪಾಲಿಗೆ. ಇನ್ನೊಂದು ಕಾರಣವೂ ಇರಬೇಕು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ನಿಂತವು. ಫೋನಿನಲ್ಲೇ ಪೋಕರ್ ಕಲಿತ ಹುಡುಗರು ಈಗ ಟೇಬಲ್‌ಗೆ ಬಂದು ಕೂರುತ್ತಿದ್ದಾರೆ. ಫೋನಿನಲ್ಲಿ ಎಲೆ ತಾನಾಗಿ ಬೀಳುತ್ತಿತ್ತು. ಎಲೆ ಹಾಕಲು ಒಬ್ಬ ಮನುಷ್ಯ ಬೇಕು, ಅವನಿಗೆ ಬೆನ್ನು ನೋಯುತ್ತದೆ ಅಂತ ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ?

ಟಿಪ್ಸ್ ಕೊಡದಿದ್ದರೂ ಪರವಾಗಿಲ್ಲ, ಇದನ್ನು ಮಾತ್ರ ಮಾಡಬೇಡಿ ಅಂತ ಮಂಜುಗೆ ಹೇಳಿದ್ದು ಒಂದಿದೆ. ಒಬ್ಬ ಮನುಷ್ಯ ಸೋತ ಸಿಟ್ಟಿಗೆ ಎಲೆಗಳನ್ನು ಡೀಲರ್ ಹುಡುಗಿಯ ಮುಖಕ್ಕೆ ಬೀಸಿದ್ದನ್ನು ನಾನು ಕಂಡಿದ್ದೇನೆ. ಪ್ಲಾಸ್ಟಿಕ್ ಎಲೆ, ಅಂಚು ಚೂಪು. ಅವಳು ಕಣ್ಣು ಮುಚ್ಚಿ ತೆರೆದು, ಎಲೆ ಆರಿಸಿಕೊಂಡು, ಮುಂದಿನ ಆಟಕ್ಕೆ ಕಲೆಸಲು ಶುರು ಮಾಡಿದಳು. ಮ್ಯಾನೇಜರ್ "ಸರ್, ಪ್ಲೀಸ್" ಅಂದು ಸುಮ್ಮನಾದರು, ಆತ ದೊಡ್ಡ ಗಿರಾಕಿ. ಹಿಂದೊಮ್ಮೆ ಒಬ್ಬಳನ್ನು ಅಳಿಸಿದವನು ನಾನೇ, ಆ ನೆನಪು ಇತ್ತು. ಸುಮ್ಮನಿರೋಕೆ ಆಗಲಿಲ್ಲ. "ಕ್ಷಮೆ ಕೇಳದೆ ನಾನು ಆಡಲ್ಲ" ಅಂತ ನನ್ನ ಚಿಪ್ ಹಿಂದಕ್ಕೆ ಎಳೆದುಕೊಂಡೆ. ಇನ್ನಿಬ್ಬರೂ ಎಳೆದುಕೊಂಡರು. ಆಮೇಲೆ ಆತ ಬಾಯಲ್ಲೇ ಏನೋ ಸಾರಿ ಅಂದ.

ಮಂಜು ನಾಳೆ ರಾತ್ರಿ ಹೊರಡುತ್ತಾನೆ. ಟಿಪ್ಸ್‌ಗೆ ಅಂತ 1,000 ಬೇರೆ ಇಡು ಅಂದೆ. ಚಿಪ್ ಎಸೆಯಬೇಡ, ಕೈಗೂ ಕೊಡಬೇಡ, ಮೇಜಿನ ಮೇಲೆ ಮುಂದಕ್ಕೆ ಸರಿಸು, ಅವರು ಅದನ್ನು ಕ್ಯಾಮೆರಾಗೆ ಕಾಣುವಂತೆ ತಟ್ಟಿ ತೋರಿಸಿ ಎತ್ತಿಕೊಳ್ಳುತ್ತಾರೆ ಅಂದೆ. ಅವನು ಚೀಟಿಯಲ್ಲಿ ಬರೆದುಕೊಂಡ. ಹೋಗುವಾಗ ಬಾಗಿಲಲ್ಲಿ ನಿಂತು, "ಇದನ್ನ ಖರ್ಚಲ್ಲಿ ಏನಂತ ಬರೀಲಿ ಅಣ್ಣಾ?" ಅಂದ. ನನ್ನ ಪುಸ್ತಕ ತೆಗೆದು ತೋರಿಸಿದೆ. ಹೋದ ಟ್ರಿಪ್, ಆಟದಲ್ಲಿ ಹೋಗಿದ್ದು 4,200. ಅದರ ಕೆಳಗೆ, ಹಮಾಲಿ 950.