ಪುಣೆಯಿಂದ ದ್ರಾಕ್ಷಿ ಬೆಳೆಗಾರರಿಗೆ 75 ಸೆಕೆಂಡಿನ ಧ್ವನಿ ಸಂದೇಶ

ಇಂಡಿ, ಜತ್ತ, ಅಕ್ಕಲಕೋಟೆ ಕಡೆಯ ದ್ರಾಕ್ಷಿ, ಉಳ್ಳಾಗಡ್ಡಿ ಬೆಳೆಗಾರರಿಗೆ ಪುಣೆಯಿಂದ ನಾವು ಮಾಹಿತಿ ಕೊಡುವುದು ಧ್ವನಿಯಲ್ಲೇ. ಕನ್ನಡ ಲಿಪಿಯ ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 70 ಸಂಕೇತ. ಒತ್ತು, ಕೊಂಬು, ಗುಡಿಸು ಎಲ್ಲಕ್ಕೂ ಬೇರೆ ಲೆಕ್ಕವಿರುವುದರಿಂದ ‘ದ್ರಾಕ್ಷಿ’ ಎಂಬ ಒಂದು ಪದಕ್ಕೇ 8 ಹೋಗುತ್ತವೆ. ಅಲ್ಲದೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯಲ್ಲಿ ಮನೆಮಾತು ಕನ್ನಡವಾದರೂ ಮರಾಠಿ ಶಾಲೆಯಲ್ಲಿ ಕಲಿತವರು ಬಹಳ. ಅವರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ.

ಹವಾಮಾನ ಇಲಾಖೆಯ ಜಿಲ್ಲಾ ಕೃಷಿ ಪ್ರಕಟಣೆ ಮಂಗಳವಾರ, ಶುಕ್ರವಾರ ಬರುತ್ತದೆ. ಅದನ್ನು ಇದ್ದಂತೆಯೇ ಓದಿದರೆ ಯಾರೂ ಕೊನೆತನಕ ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ತೋಟದಲ್ಲಿ ಮಾಡಬೇಕಾದ ಒಂದೇ ಕೆಲಸ ಆರಿಸಿ, ಸಂಜೆ ಏಳೂವರೆಗೆ ಕಳಿಸುತ್ತೇವೆ. ಮೊದಲು ದಿನಾಂಕ, ತಾಲೂಕು. ಆಮೇಲೆ ಮಳೆ, ಕೆಲಸ, ಪ್ರಮಾಣ. ದಿನಾಂಕ ಬಿಟ್ಟರೆ ಹಳೆಯ ಸಂದೇಶ ವಾರಗಟ್ಟಲೆ ಊರೂರು ಸುತ್ತಿ, ಬಿಸಿಲಿನ ದಿನ ಮಳೆಯ ಔಷಧ ಹೊಡೆಸುತ್ತದೆ.

ಹೆಚ್ಚು ಎಡವುವುದು ಪ್ರಮಾಣದಲ್ಲಿ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸ) ನಂತರ ಡೌನಿ ಎಂಬ ಬೂಜು ರೋಗ ಬರದಂತೆ ಮ್ಯಾಂಕೋಜೆಬ್ ಔಷಧ ಲೀಟರಿಗೆ 2 ಗ್ರಾಂ ಎಂದರೆ ಸಾಲದು. ರೈತರು ತುಂಬುವುದು ಬ್ಯಾರಲ್, ಔಷಧ ಹೊಡೆಯುವ ಪಂಪು. ‘200 ಲೀಟರ್ ಬ್ಯಾರಲಿಗೆ 400 ಗ್ರಾಂ, 16 ಲೀಟರ್ ಪಂಪಿಗೆ 32 ಗ್ರಾಂ’ ಎಂದೇ ಹೇಳಬೇಕು, ಎರಡು ಸಲ. ಮುಚ್ಚಳದ ಅಳತೆ ಎಂದೂ ಹೇಳಬಾರದು, ಕಂಪನಿಗೊಂದು ಮುಚ್ಚಳ. ಇದು ಎಲೆಯ ಮೇಲಷ್ಟೇ ಕೂರುವ ಔಷಧ, ಮಳೆಗೆ ತೊಳೆದುಹೋಗುತ್ತದೆ. ಹಾಗಾಗಿ ಮಳೆಯ ಮಾತು ಪ್ರಮಾಣಕ್ಕಿಂತ ಮೊದಲೇ ಬರಬೇಕು.

ದರದಲ್ಲೂ ಇದೇ ತೊಡಕು. ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ದರ 10 ಕಿಲೋಗೆ, ವಿಜಯಪುರದ ಕಡೆ ಕ್ವಿಂಟಲಿಗೆ. ಇಲ್ಲಿಯ 180 ರೂಪಾಯಿಯನ್ನು 1,800 ಮಾಡಿಯೇ ಹೇಳುತ್ತೇವೆ. ಬರೀ ಅತಿ ಹೆಚ್ಚಿನ ದರ ಹೇಳುವುದು ಮೋಸವೇ ಸರಿ; ಗೋಲ್ಟಿ (ಸಣ್ಣ ಗಡ್ಡೆ) ತುಂಬಿಕೊಂಡು ಬಂದವರಿಗೆ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಹೆಚ್ಚು ಮಾಲು ಮಾರಿಹೋದ ದರ, ಗಾತ್ರ ಎರಡನ್ನೂ ಹೇಳಬೇಕು.

ಫ್ಯಾನ್ ಆರಿಸಿ, ಬಾಯಿಂದ ಒಂದು ಗೇಣು ದೂರ ಫೋನ್ ಹಿಡಿದು ರೆಕಾರ್ಡ್ ಮಾಡುತ್ತೇವೆ. ಹಿನ್ನೆಲೆ ಸಂಗೀತ ಬೇಡ. ಕರೆಯಲ್ಲಿ ಅದು ಮಾತನ್ನು ನುಂಗುತ್ತದೆ. ಕಳಿಸುವ ಮೊದಲು ಬಟನ್ ಫೋನಿನಲ್ಲಿ ಒಮ್ಮೆ ಕೇಳಲೇಬೇಕು. ಆ ಫೋನಿನವರು ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಹೋಗಿ ಸಂದೇಶ ಕೇಳಿಸುತ್ತದೆ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮುಟ್ಟುವುದರಿಂದ, ಹೆಸರು ಸೇರಿಸುವಾಗಲೇ ಸೇವ್ ಮಾಡಿಸಬೇಕು.

ತಪ್ಪು ಹೋಗಿದ್ದು ತಿಳಿದರೆ ‘ತಿದ್ದುಪಡಿ’ ಎಂದೇ ಶುರುಮಾಡಿ ಅದೇ ರಾತ್ರಿ ಇನ್ನೊಂದು ಸಂದೇಶ ಕಳಿಸುತ್ತೇವೆ. ಬೆಳಿಗ್ಗೆ ಆರಕ್ಕೆ ಬ್ಯಾರಲಿಗೆ ಔಷಧ ಬಿದ್ದಿರುತ್ತದೆ.